ಐದು ಗಂಟೆಯಿಂದ

ನೆರೆಮನೆಯ ಹುಡುಗಿ ನರ್ಸ್. ವಿದೇಶದ ಕೆಲಸಕ್ಕೆಂದು ಒ.ಇ.ಟಿ. ಬರೆದಿದ್ದಳು. ಅದು ಡಾಕ್ಟರು, ನರ್ಸುಗಳಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ. ಬರವಣಿಗೆಯಲ್ಲಿ ಅಂಕ ಸಾಲಲಿಲ್ಲ. ಮೊನ್ನೆ ಸಂಜೆ ಅಭ್ಯಾಸಕ್ಕೆ ಬರೆದ ಪತ್ರವೊಂದನ್ನು ಹಿಡಿದು ಬಂದಳು. ರೋಗಿಯನ್ನು ಬೇರೆ ವೈದ್ಯರ ಬಳಿಗೆ ಕಳುಹಿಸುವಾಗ ಬರೆಯುವ ಪತ್ರ ಅದು.

“ಸ್ಪೆಲ್ಲಿಂಗ್ ಎಲ್ಲ ಸರಿ ಇದೆ ಟೀಚರ್. ಕಂಪ್ಯೂಟರಿನಲ್ಲಿ ಒಂದು ಕೆಂಪು ಗೆರೆಯೂ ಬರಲಿಲ್ಲ. ಮತ್ತೆ ತಪ್ಪೆಲ್ಲಿ?”

ಮೊದಲ ಸಾಲಿನಲ್ಲೇ ಇತ್ತು. ರೋಗಿಗೆ ‘ಸಿನ್ಸ್ ತ್ರೀ ಡೇಸ್’ ಜ್ವರ. ನನಗೆ ನಾಚಿಕೆಯಾಯಿತು. ‘ಸಿನ್ಸ್ ಟೂ ಡೇಸ್’ ಜ್ವರವೆಂಬ ರಜಾ ಅರ್ಜಿಯನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು ನಾನೇ. ಕಾಸರಗೋಡಿನ ನಮ್ಮ ಕನ್ನಡ ಶಾಲೆಯಲ್ಲಿ ಈ ಹುಡುಗಿಯೂ ಆ ಬೆಂಚಿನಲ್ಲಿ ಕುಳಿತವಳೇ.

ತಪ್ಪಿನ ಬೇರು ಇರುವುದು ಕನ್ನಡದ ‘ಇಂದ’ದಲ್ಲಿ. ಸೋಮವಾರದಿಂದ ಜ್ವರ, ಮೂರು ದಿನಗಳಿಂದ ಜ್ವರ ಎಂದು ಎರಡಕ್ಕೂ ನಮಗೆ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿಗೆ ಸಾಲದು. ಯಾವಾಗ ಶುರುವಾಯಿತು ಎಂದು ಹೇಳುವಾಗ ಸಿನ್ಸ್, ಎಷ್ಟು ಕಾಲವಾಯಿತು ಎಂದು ಹೇಳುವಾಗ ಫಾರ್. ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಬೆರಳಿಡಬಹುದಾದರೆ ಸಿನ್ಸ್ ಮಂಡೇ. ದಿನಗಳನ್ನು ಎಣಿಸಿ ಹೇಳುವುದಾದರೆ ಫಾರ್ ತ್ರೀ ಡೇಸ್.

ಇನ್ನೊಂದು ತಪ್ಪು ಕಿವಿಯದ್ದು. ರೋಗಿಯ ತೂಕ ಇಳಿದದ್ದಕ್ಕೆ ಅವಳು ಎರಡು ‘ಓ’ ಹಾಕಿ ‘ಲೂಸ್’ ಎಂದು ಬರೆದಿದ್ದಳು. ಎರಡು ‘ಓ’ ಇದ್ದರೆ ಸಡಿಲ ಎಂದರ್ಥ, ಅಳತೆ ಮೀರಿದ ಅಂಗಿಯ ಹಾಗೆ. ಕಳೆದುಕೊಳ್ಳುವುದಕ್ಕೆ ಒಂದೇ ‘ಓ’. ಅದರ ಕೊನೆಯ ಸದ್ದು ಇಂಗ್ಲಿಷಿನ ಝಡ್‌ನದು. ಆ ಸದ್ದು ನಮ್ಮ ಅಕ್ಷರಮಾಲೆಯಲ್ಲಿಲ್ಲ. ಹಾಗಾಗಿ ನಮ್ಮ ಬಾಯಲ್ಲಿ ಎರಡೂ ಲೂಸೇ. ‘ಅಡ್ವೈಸ್’ ಕಥೆಯೂ ಇದೇ: ಸಲಹೆ ಎಂಬ ನಾಮಪದಕ್ಕೆ ‘ಸಿ’, ಸಲಹೆ ಕೊಡು ಎಂಬ ಕ್ರಿಯಾಪದಕ್ಕೆ ‘ಎಸ್’. ಕೆಂಪು ಗೆರೆ ಬಾರದ್ದು ಇದಕ್ಕೇ. ಪದಗಳೆಲ್ಲ ಸರಿ, ಕುಳಿತ ಜಾಗ ತಪ್ಪು.

“ಹೈಪೋ, ಹೈಪರ್ ಗೊತ್ತುಂಟಲ್ಲ?” ಎಂದು ಕೇಳಿದೆ. ನಕ್ಕಳು. “ಹೈಪೋ ಕಡಿಮೆ, ಹೈಪರ್ ಜಾಸ್ತಿ. ಬಿ.ಪಿ.ಯಲ್ಲಿ ಅದು ತಪ್ಪಿದರೆ ಹೋಗುವುದು ಅಂಕ ಅಲ್ಲ ಟೀಚರ್, ರೋಗಿಯ ಜೀವ.” ಪ್ರಾಣದ ಪದಗಳನ್ನು ಸರಿಯಾಗಿ ಕಲಿತವಳು ನಾನು ಕಲಿಸಿದ ‘ಸಿನ್ಸ್’ನಲ್ಲಿ ಎಡವಿದ್ದಳು.

ಪತ್ರವನ್ನು ನನ್ನ ಮೇಜಿನಲ್ಲೇ ಮತ್ತೆ ಬರೆದಳು. ಏಳುವಾಗ ಕೇಳಿದಳು: “ಅಮ್ಮ ಐದು ಗಂಟೆಯಿಂದ ಕಾಯ್ತಿದ್ದಾರೆ. ಇದು ಸಿನ್ಸೋ, ಫಾರೋ?”

“ಐದಕ್ಕೆ ಶುರು ಮಾಡಿದ್ದರೆ ಸಿನ್ಸ್. ಐದು ತಾಸು ಕಾದಿದ್ದರೆ ಫಾರ್.”

ಗಡಿಯಾರದಲ್ಲಿ ಆರೂವರೆ. “ಸಿನ್ಸ್” ಎನ್ನುತ್ತಾ ಓಡಿದಳು.