ಹಳೆಯ ಸೆಡಾನ್ ಕಾರು: ದುರಸ್ತಿ ವೆಚ್ಚ ಮತ್ತು ತೆರಿಗೆ ಲೆಕ್ಕ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್‌ನಂತಹ ಬಯಲುಸೀಮೆಯಲ್ಲಿ ಓಡಿದ ಹಳೆಯ ಸೆಡಾನ್ ಕಾರನ್ನು ಕೊಳ್ಳುವ ವರ್ತಕರು ಮೊದಲು ರೇಡಿಯೇಟರನ್ನು ಪರೀಕ್ಷಿಸುವುದು ಲೇಸು. ಕೂಲಂಟ್ ಬದಲು ಕೊಳವೆಬಾವಿಯ ಗಡಸು ನೀರನ್ನೇ ತುಂಬುತ್ತ ಬಂದಿದ್ದರೆ ಒಳಗೆ ಸುಣ್ಣದ ಪದರ ಕಟ್ಟಿ, ಎಂಜಿನ್ ಅತಿಯಾಗಿ ಕಾದು, ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುವ ಸಂಭವವಿರುತ್ತದೆ. ಕ್ಲಚ್ ಪ್ಲೇಟ್, ಸಸ್ಪೆನ್ಷನ್ ಬುಷ್‌ಗಳ ಸವೆತವಂತೂ ಇದ್ದದ್ದೇ.

ಈ ವೆಚ್ಚವನ್ನು ಲೆಕ್ಕಪುಸ್ತಕದಲ್ಲಿ ಬರೆಯುವಲ್ಲಿ ಹಲವರು ಎಡವುತ್ತಾರೆ. ಕಾರನ್ನು ವ್ಯವಹಾರದ ಬಳಕೆಗೆ ತರುವ ಮುನ್ನ ಮಾಡಿಸಿದ ದುರಸ್ತಿಯು ಚಾಲ್ತಿ ದುರಸ್ತಿಯಲ್ಲ. ಅದು ಕಾರಿನ ಮೂಲ ಬೆಲೆಗೆ ಸೇರುತ್ತದೆ. ಸಾಮಾನ್ಯ ವರ್ತಕರಿಗೆ ಗ್ಯಾರೇಜ್ ಬಿಲ್ಲಿನ ಜಿ.ಎಸ್.ಟಿ.ಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೂಡ ದೊರೆಯದು. ಉದಾಹರಣೆಗೆ, 1,50,000 ರೂ. ಕಾರಿಗೆ 60,000 ರೂ. ದುರಸ್ತಿ, ಅದರ ಮೇಲೆ ಶೇ. 18ರಂತೆ 10,800 ರೂ. ತೆರಿಗೆ ಎಂದಿಟ್ಟುಕೊಂಡರೆ ಒಟ್ಟು ಮೂಲ ಬೆಲೆ 2,20,800 ರೂ. ಮೊದಲ ವರ್ಷ ದೊರೆಯುವುದು ಶೇ. 15ರ ಸವಕಳಿ, ಅಂದರೆ 33,120 ರೂ.; ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ 16,560 ರೂ. ಮಾತ್ರ.

ಬಳಕೆ ಆರಂಭವಾದ ನಂತರದ ದುರಸ್ತಿಯನ್ನು ಆಯಾ ವರ್ಷದ ಖರ್ಚಾಗಿ ತೋರಿಸಬಹುದು; ಸ್ವಂತ ಓಡಾಟದ ಪಾಲನ್ನು ಮಾತ್ರ ಕಳೆಯಬೇಕು. ಗ್ಯಾರೇಜಿನವರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟಿದ್ದರೆ ಆ ಮೊತ್ತ ಖರ್ಚಿಗೂ ಬಾರದು, ಮೂಲ ಬೆಲೆಗೂ ಸೇರದು.