ಇಂಗಾಲದ ಕವಚಕ್ಕೂ ಮುಪ್ಪುಂಟು

ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ, ಬಟ್ಟೆ ಬಿಸಿಲಿಗೆ ಬಣ್ಣಗೆಡುತ್ತದೆ. ಮನುಷ್ಯನು ಬಳಸುವ ಪ್ರತಿಯೊಂದು ಪದಾರ್ಥಕ್ಕೂ ಅದರದೇ ಆದ ಮುಪ್ಪು, ಅದರದೇ ಆದ ರೋಗ ಇರುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಪಂದ್ಯದ ಕಾರುಗಳಲ್ಲಿಯೂ ಬೆಲೆಯುಳ್ಳ ಕೆಲವು ರಸ್ತೆಯ ಕಾರುಗಳಲ್ಲಿಯೂ ಕಾಣಬರುವ ಕಾರ್ಬನ್ ಫೈಬರ್, ಎಂದರೆ ಇಂಗಾಲದ ಎಳೆಯ ಭಾಗಗಳ ವಿಷಯದಲ್ಲಿ ಮಾತ್ರ ‘ಇದಕ್ಕೆ ತುಕ್ಕಿಲ್ಲ, ಆದುದರಿಂದ ನಾಶವೂ ಇಲ್ಲ’ ಎಂಬ ಭಾವನೆ ಹಲವರಲ್ಲಿ ಉಂಟು. ಇದರಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಯದವನು ಒಳಗೆ ಸೀಳಿದ ಭಾಗಕ್ಕೆ ಮೇಲೆ ಹೊಳಪು ಕೊಟ್ಟು, ಅದು ಗಟ್ಟಿಯಾಯಿತೆಂದು ನಂಬಿ ಮೋಸಹೋಗುತ್ತಾನೆ. ಕಾರಿನ ವಿಷಯದಲ್ಲಿ ಇಂತಹ ಮೋಸಕ್ಕೆ ಪ್ರಾಣವನ್ನೇ ತೆರಬೇಕಾಗಬಹುದು. ಈ ಪದಾರ್ಥದ ಯಾವ ಅಂಗ ಮುಪ್ಪಾಗುತ್ತದೆ, ಯಾವುದು ಆಗುವುದಿಲ್ಲ, ಅದಕ್ಕೆ ಚಿಕಿತ್ಸೆ ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಎಳೆಯೂ ರಾಳವೂ

ಹಳ್ಳಿಯಲ್ಲಿ ಮಣ್ಣಿನ ಗೋಡೆ ಕಟ್ಟುವಾಗ ಕಲಸಿದ ಮಣ್ಣಿಗೆ ಹುಲ್ಲನ್ನು ಸೇರಿಸುವುದನ್ನು ವಾಚಕರು ನೋಡಿರಬಹುದು. ಬರಿಯ ಮಣ್ಣು ಒಣಗಿ ಬಿರಿಯುತ್ತದೆ. ಬರಿಯ ಹುಲ್ಲು ನಿಲ್ಲುವುದೇ ಇಲ್ಲ. ಎರಡೂ ಕೂಡಿದರೆ ಗೋಡೆಯಾಗುತ್ತದೆ. ಕಾರಿನ ಇಂಗಾಲದ ಭಾಗವೂ ಇಂತಹುದೇ ಒಂದು ಮಿಶ್ರಪದಾರ್ಥ. ಇದರಲ್ಲಿ ಹುಲ್ಲಿನ ಸ್ಥಾನದಲ್ಲಿರುವುದು ಇಂಗಾಲದ ಎಳೆ; ಮಣ್ಣಿನ ಸ್ಥಾನದಲ್ಲಿರುವುದು ಸಾಮಾನ್ಯವಾಗಿ ಎಪಾಕ್ಸಿ ಎಂಬ ಕೃತಕ ರಾಳ.

ಸ್ವೆಟರುಗಳನ್ನು ಹೆಣೆಯುವ ಅಕ್ರಿಲಿಕ್ ನೂಲಿನ ಜಾತಿಗೇ ಸೇರಿದ ಒಂದು ನೂಲನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ, ಅನಂತರ ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1000 ಡಿಗ್ರಿಗೂ ಮೀರಿ ಕಾಯಿಸಿದರೆ ಇತರ ಮೂಲವಸ್ತುಗಳು ಬಹುಪಾಲು ಹೊರಟುಹೋಗಿ ಇಂಗಾಲವು ಉಳಿಯುತ್ತದೆ. ಹೀಗೆ ದೊರೆತ ಎಳೆಯ ದಪ್ಪ 5ರಿಂದ 7 ಮೈಕ್ರಾನ್. ನಮ್ಮ ತಲೆಗೂದಲಿನ ಹತ್ತನೆಯ ಒಂದು ಭಾಗದಷ್ಟು. 1958ರಲ್ಲಿ ಅಮೆರಿಕದ ರೋಜರ್ ಬೇಕನ್ ಗ್ರ್ಯಾಫೈಟಿನ ಅತಿ ಬಲವಾದ ಎಳೆಗಳನ್ನು ಪ್ರಯೋಗಶಾಲೆಯಲ್ಲಿ ಪಡೆದನು. ಅಕ್ರಿಲಿಕ್ ನೂಲಿನ ದಾರಿಯನ್ನು ಜಪಾನಿನ ಅಕಿಯೊ ಶಿಂಡೊ ತೋರಿಸಿದನು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾಲಯದ ವಿಜ್ಞಾನಿಗಳು ಅದಕ್ಕೆ ಇನ್ನಷ್ಟು ಬಲ ಬರುವಂತೆ ಮಾಡಿದರು.

ನೀರಿಗಿಂತ ಉಕ್ಕು ಸುಮಾರು 7.8 ಪಟ್ಟು ಭಾರ, ಅಲ್ಯುಮಿನಿಯಂ 2.7 ಪಟ್ಟು, ಎಳೆ ರಾಳಗಳ ಈ ಮಿಶ್ರಣವಾದರೋ ಸುಮಾರು 1.6 ಪಟ್ಟು ಮಾತ್ರ. ಇಷ್ಟು ಹಗುರವಾಗಿದ್ದೂ ಎಳೆಗಳು ಹಾಸಿರುವ ದಿಕ್ಕಿನಲ್ಲಿ ಇದರ ಬಲ ಅಗಾಧ. 1981ರಲ್ಲಿ ಮೆಕ್ಲಾರೆನ್ ಸಂಸ್ಥೆಯು ಜಾನ್ ಬಾರ್ನಾರ್ಡ್ ಎಂಬ ಯಂತ್ರಶಿಲ್ಪಿಯ ಯೋಜನೆಯಂತೆ ಪಂದ್ಯದ ಕಾರಿನ ಒಡಲನ್ನೇ ಇಂಗಾಲದ ಎಳೆಯಿಂದ ಕಟ್ಟಿತು. ಅಪಘಾತದಲ್ಲಿ ಅದು ಪುಡಿಪುಡಿಯಾದೀತೆಂದು ಶಂಕಿಸಿದವರಿದ್ದರು. ಅದೇ ವರ್ಷ ಇಟಲಿಯ ಮೊಂಜಾದಲ್ಲಿ ಜಾನ್ ವಾಟ್ಸನ್ ನಡೆಸುತ್ತಿದ್ದ ಕಾರು ತಡೆಗೆ ಬಡಿದು, ಎಂಜಿನ್ನು ಕಿತ್ತು ಬೇರೆಯಾಯಿತು. ಒಡಲಿನೊಳಗಿದ್ದ ವಾಟ್ಸನ್ ಮಾತ್ರ ಎದ್ದು ನಡೆದುಬಂದನು. ಶಂಕೆ ಅಲ್ಲಿಗೆ ಅಡಗಿತು.

ಮುಪ್ಪು ಯಾರಿಗೆ?

ಇಂಗಾಲದ ಎಳೆ ಬಿಸಿಲಿಗೆ ಕೆಡುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ. ಹಾಗಾದರೆ ಕೆಲವು ವರ್ಷ ಬಿಸಿಲಿನಲ್ಲಿ ನಿಂತ ಕಾರಿನ ಕಪ್ಪು ಮುಚ್ಚಳವು ಹಳದಿಗಟ್ಟಿ, ಹಾಲು ಚೆಲ್ಲಿದಂತೆ ಮಬ್ಬಾಗುವುದು ಏತಕ್ಕೆ? ಮುಪ್ಪು ಬಂದಿರುವುದು ಎಳೆಗಲ್ಲ, ರಾಳಕ್ಕೆ. ಸೂರ್ಯಪ್ರಕಾಶದಲ್ಲಿ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳಿವೆಯಷ್ಟೆ. ಎಪಾಕ್ಸಿಯ ಅಣುಗಳಲ್ಲಿರುವ ಬೆಂಜೀನಿನಂತಹ ಉಂಗುರಗಳು ಈ ಕಿರಣಗಳನ್ನು ಹೀರಿಕೊಳ್ಳುತ್ತವೆ. ಆ ಶಕ್ತಿಯಿಂದ ಅಣುಗಳ ಬಂಧನಗಳು ಕಡಿದು, ಗಾಳಿಯ ಆಮ್ಲಜನಕವು ಅಲ್ಲಿ ಸೇರಿ, ಹಳದಿ ಬಣ್ಣದ ಹೊಸ ಪದಾರ್ಥಗಳು ಹುಟ್ಟುತ್ತವೆ. ಕ್ರಮೇಣ ಮೇಲ್ಮೈ ಸುಣ್ಣದ ಹಾಗೆ ಪುಡಿಯಾಗುತ್ತದೆ.

ಇದನ್ನು ತಡೆಯಲೆಂದೇ ತಯಾರಕರು ರಾಳದ ಮೇಲೆ ಪಾಲಿಯುರಿಥೇನ್ ಮುಂತಾದ ಪಾರದರ್ಶಕ ವಾರ್ನಿಷನ್ನು ಬಳಿಯುತ್ತಾರೆ. ಅತಿನೇರಿಳೆ ಕಿರಣಗಳನ್ನು ತಾನೇ ನುಂಗಿಕೊಳ್ಳುವ ದ್ರವ್ಯಗಳು ಅದರಲ್ಲಿರುತ್ತವೆ. ವಾರ್ನಿಷು ರಾಳಕ್ಕೆ ಕೊಡೆಯಿದ್ದಂತೆ. ಕೊಡೆ ಹರಿದರೆ ಬಿಸಿಲು ರಾಳದ ಮೇಲೆ ಬೀಳುತ್ತದೆ.

ಮೇಲ್ಮೈಯ ಚಿಕಿತ್ಸೆ

ವಾರ್ನಿಷು ಮಾತ್ರ ಮಬ್ಬಾಗಿದ್ದರೆ ಚಿಕಿತ್ಸೆ ಸುಲಭ. ಭಾಗವನ್ನು ಸೌಮ್ಯವಾದ ಸಾಬೂನಿನ ನೀರಿನಿಂದ ತೊಳೆದು, ಎಣ್ಣೆ ಮೇಣಗಳ ಅಂಶವನ್ನು ತೆಗೆದು, ನುಣುಪಾದ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ಉಜ್ಜಬೇಕು. ಆಗ ಹರಿಯುವ ನೀರಿನ ಬಣ್ಣವನ್ನು ಸದಾ ಗಮನಿಸುತ್ತಿರಬೇಕು. ನೀರು ಹಾಲಿನಂತಿದ್ದರೆ ಸವೆಯುತ್ತಿರುವುದು ವಾರ್ನಿಷು ಅಥವಾ ರಾಳ. ನೀರು ಕಪ್ಪಾಯಿತೆಂದರೆ ಉಪ್ಪುಕಾಗದವು ಎಳೆಯನ್ನೇ ಮುಟ್ಟಿತೆಂದು ಅರ್ಥ. ಕೂಡಲೆ ಕೈ ನಿಲ್ಲಿಸಬೇಕು. ಏಕೆಂದರೆ ಕಡಿದ ಎಳೆ ಮತ್ತೆ ಕೂಡುವುದಿಲ್ಲ, ಅದು ಹೊರುತ್ತಿದ್ದ ಭಾರವನ್ನು ಯಾವ ವಾರ್ನಿಷೂ ಹೊರಲಾರದು.

ಹಳದಿಯ ಪದರ ಹೋದ ಮೇಲೆ ಹೊಸ ವಾರ್ನಿಷನ್ನು ತೆಳುವಾದ ಹಲವು ಪದರಗಳಲ್ಲಿ ಬಳಿದು, ಚೆನ್ನಾಗಿ ಒಣಗಿದ ಮೇಲೆ ಮತ್ತಷ್ಟು ನುಣುಪಾದ ಕಾಗದದಿಂದ ಉಜ್ಜಿ ಹೊಳಪು ಕೊಡುತ್ತಾರೆ. ಬಿಸಿಲಿನಿಂದ ರಕ್ಷಿಸುವ ದ್ರವ್ಯವಿಲ್ಲದ ಅಗ್ಗದ ವಾರ್ನಿಷನ್ನು ಬಳಿದರೆ ಶ್ರಮವೆಲ್ಲ ವ್ಯರ್ಥ.

ಇಲ್ಲಿ ಎರಡು ಅಪಾಯಗಳನ್ನು ಹೇಳದೆ ಮುಂದುವರಿಯುವಂತಿಲ್ಲ. ಎಳೆಯನ್ನು ಒಣದಾಗಿ ಉಜ್ಜಿದಾಗ ಏಳುವ ಧೂಳು ಚರ್ಮಕ್ಕೂ ಕಣ್ಣಿಗೂ ಶ್ವಾಸಕೋಶಕ್ಕೂ ಹಿತವಲ್ಲ. ಅದು ವಿದ್ಯುದ್ವಾಹಕವಾದುದರಿಂದ ಯಂತ್ರಗಳ ವಿದ್ಯುತ್ ಭಾಗಗಳನ್ನೂ ಕೆಡಿಸಬಲ್ಲದು. ಎರಡನೆಯದಾಗಿ, ಎರಡು ದ್ರವಗಳನ್ನು ಬೆರೆಸಿ ಬಳಿಯುವ ಪಾಲಿಯುರಿಥೇನ್ ವಾರ್ನಿಷಿನಲ್ಲಿ ಐಸೊಸಯನೇಟ್ ಎಂಬ ದ್ರವ್ಯವಿರುತ್ತದೆ. ಅದರ ತುಂತುರನ್ನು ಉಸಿರಾಡಿದವರಿಗೆ ಬಿಡಿಸಲಾಗದ ಉಬ್ಬಸ ಹತ್ತಬಹುದು. ಸಾಮಾನ್ಯವಾದ ಧೂಳಿನ ಮುಸುಕು ಇದನ್ನು ತಡೆಯದು. ಆದುದರಿಂದ ಈ ಕೆಲಸವನ್ನು ತಕ್ಕ ಸಲಕರಣೆಯುಳ್ಳ ಕುಶಲಕರ್ಮಿಗಳಿಗೇ ಬಿಡುವುದು ಮೇಲು.

ಕಾಣದ ಗಾಯ

ಉಕ್ಕಿನ ತಗಡಿಗೆ ಪೆಟ್ಟು ಬಿದ್ದರೆ ಅದು ತಗ್ಗಾಗಿ ತನ್ನ ನೋವನ್ನು ತಾನೇ ತೋರಿಸುತ್ತದೆ. ಇಂಗಾಲದ ಹಲಗೆ ಹಾಗಲ್ಲ. ಪೆಟ್ಟಿಗೆ ಅದು ಕ್ಷಣಕಾಲ ಬಾಗಿ, ಮರುಕ್ಷಣ ಮೊದಲಿನ ಆಕಾರಕ್ಕೆ ಬರುತ್ತದೆ. ಮೇಲ್ಮೈಯಲ್ಲಿ ಗೀರೂ ಕಾಣದಿರಬಹುದು. ಆದರೆ ಬಾಗುವಾಗ ಒಳಗಿನ ಪದರಗಳ ನಡುವೆ ರಾಳವು ಸೀಳಿ ಪದರಗಳು ಬಿಟ್ಟುಕೊಂಡಿರುತ್ತವೆ. ಹಿಂಬದಿಯ ಎಳೆಗಳು ಜಗ್ಗಿ ಕಡಿದಿರುತ್ತವೆ. ಜಗ್ಗುವ ಬಲವನ್ನು ಇಂತಹ ಹಲಗೆ ಇನ್ನೂ ತಾಳಬಹುದು. ಒತ್ತುವ ಬಲ ಬಂದಾಗ ಬಿಡಿಯಾದ ಪದರಗಳು ಪ್ರತ್ಯೇಕವಾಗಿ ಬಾಗಿ, ಮುನ್ಸೂಚನೆಯಿಲ್ಲದೆ ಮುರಿಯುತ್ತವೆ.

ಪೆಟ್ಟಿನ ಮುಂದೆ ಈ ಪದಾರ್ಥವು ಸೋತ ಕಥೆಯೊಂದು ಚರಿತ್ರೆಯಲ್ಲಿಯೇ ಇದೆ. ರೋಲ್ಸ್‌ರಾಯ್ಸ್ ಸಂಸ್ಥೆಯು ತನ್ನ ಆರ್‌ಬಿ 211 ವಿಮಾನ ಎಂಜಿನ್ನಿಗೆ ಇಂಗಾಲದ ಎಳೆಯ ಬೀಸಣಿಗೆಯ ಅಲಗುಗಳನ್ನು ಯೋಜಿಸಿತ್ತು. 1970ರಲ್ಲಿ ಹಕ್ಕಿಯ ಬಡಿತವನ್ನು ಹೋಲುವ ಪರೀಕ್ಷೆಯಲ್ಲಿ ಆ ಅಲಗುಗಳು ನುಚ್ಚಾದವು. ಸಂಸ್ಥೆಯು ಟೈಟಾನಿಯಂ ಲೋಹಕ್ಕೆ ಮರಳಬೇಕಾಯಿತು.

ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ನಾದವು ಸ್ಪಷ್ಟವಾಗಿದ್ದರೆ ಮಡಕೆ ಗಟ್ಟಿ, ಮಂಕಾಗಿದ್ದರೆ ಬಿರುಕು. ಇಂಗಾಲದ ಹಲಗೆಗೂ ಇದೇ ಪರೀಕ್ಷೆ. ನಾಣ್ಯದಿಂದ ಸಾಲಾಗಿ ಮೆಲ್ಲನೆ ತಟ್ಟುತ್ತ ಹೋದರೆ ಪದರ ಬಿಟ್ಟ ಕಡೆ ಸದ್ದು ಮಂಕಾಗುತ್ತದೆ. ವಿಮಾನಗಳ ತಪಾಸಣೆಯಲ್ಲಿಯೂ ಈ ಸರಳ ಉಪಾಯ ಬಳಕೆಯಲ್ಲಿದೆ. ಆದರೆ ದಪ್ಪನಾದ ಭಾಗಗಳ ಆಳವನ್ನು ಇದು ಮುಟ್ಟಲಾರದು. ಅಲ್ಲಿ ಶ್ರವಣಾತೀತ ಧ್ವನಿತರಂಗಗಳಿಂದಲೇ ಪರೀಕ್ಷಿಸಬೇಕು.

ಬಲದ ಚಿಕಿತ್ಸೆ

ಕಡಿದ ಎಳೆಯ ಜಾಗದಲ್ಲಿ ಬರಿಯ ರಾಳವನ್ನು ತುಂಬುವುದು ಹುಲ್ಲಿಲ್ಲದ ಮಣ್ಣನ್ನು ಗೋಡೆಗೆ ಮೆತ್ತಿದಂತೆ. ನಿಜವಾದ ದುರಸ್ತಿಯಲ್ಲಿ ಗಾಯಗೊಂಡ ಭಾಗವನ್ನು ಕತ್ತರಿಸಿ ತೆಗೆದು, ಅದರ ಅಂಚನ್ನು ಬಹು ನಿಧಾನವಾದ ಇಳಿಜಾರಾಗಿ ಸವೆಸುತ್ತಾರೆ. ವಿಮಾನಗಳಲ್ಲಿ ಈ ಇಳಿಜಾರಿನ ಉದ್ದ ಹಲಗೆಯ ದಪ್ಪದ 20ರಿಂದ 50 ಪಟ್ಟಿನವರೆಗೆ ಇರುತ್ತದೆ. ಹಳೆಯ ಎಳೆಯಿಂದ ಹೊಸ ಎಳೆಗೆ ಭಾರವು ರಾಳದ ಮೂಲಕವೇ ದಾಟಬೇಕು. ಅಂಟಿನ ಜಾಗ ವಿಶಾಲವಾದಷ್ಟೂ ಒಂದೊಂದು ಅಂಗುಲದ ಮೇಲಿನ ಹೊರೆ ಕಡಮೆ. ಅನಂತರ ಮೊದಲಿದ್ದ ದಿಕ್ಕುಗಳಲ್ಲಿಯೇ ಹೊಸ ಪದರಗಳನ್ನು ಹಾಸಿ, ಮೇಲೆ ಗಾಳಿಯಾಡದ ಚೀಲವನ್ನು ಮುಚ್ಚಿ, ಒಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಆಗ ನಮ್ಮ ಸುತ್ತಲಿನ ವಾಯುಮಂಡಲವೇ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರದಿಂದ ಪದರಗಳನ್ನು ಒತ್ತಿಹಿಡಿಯುತ್ತದೆ. ಗೊತ್ತಾದ ಉಷ್ಣತೆಯಲ್ಲಿ ಗೊತ್ತಾದ ಹೊತ್ತು ಕಾಯಿಸಿದರೆ ರಾಳವು ಗಟ್ಟಿಯಾಗುತ್ತದೆ.

ಕನ್ನಡಿಯ ಹೊದಿಕೆ, ಅಲಂಕಾರದ ಪಟ್ಟಿ ಇವುಗಳಿಗೆ ಹೊಳಪು ಬಂದರೆ ಸಾಕು. ಆದರೆ ಪ್ರಯಾಣಿಕರನ್ನು ಕಾಯುವ ಒಡಲು, ಚಕ್ರ, ಚಕ್ರವನ್ನು ಹಿಡಿದ ತೋಳು ಇವು ಪೆಟ್ಟುತಿಂದರೆ ತಯಾರಕರ ವಿಧಿಯಂತೆ ಪರಿಣತರು ಪರೀಕ್ಷಿಸಬೇಕು. ಅವರು ಬದಲಿಸಬೇಕೆಂದರೆ ಬದಲಿಸಲೇಬೇಕು.

ದಿನದಿನದ ಆರೈಕೆ

ರೋಗ ಬಂದ ಮೇಲಿನ ಚಿಕಿತ್ಸೆಗಿಂತ ಬಾರದಂತೆ ಕಾಯುವುದು ಅಗ್ಗ. ಕಾರನ್ನು ನೆರಳಿನಲ್ಲಿ ನಿಲ್ಲಿಸುವುದು, ಹಕ್ಕಿಯ ಹಿಕ್ಕೆಯನ್ನು ಕೂಡಲೆ ತೊಳೆಯುವುದು, ಬಣ್ಣ ಕೀಳುವ ತೀಕ್ಷ್ಣ ದ್ರಾವಕಗಳನ್ನು ದೂರವಿಡುವುದು, ವಾರ್ನಿಷಿನ ಚಿಕ್ಕ ಬಿರುಕನ್ನೂ ಬೇಗ ಮುಚ್ಚುವುದು ಇವಿಷ್ಟೇ ಮುಖ್ಯ ನಿಯಮಗಳು.

ಇನ್ನೊಂದು ಸೂಕ್ಷ್ಮವನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಮೆಚ್ಚಿಯಾರು. ಸತುವನ್ನೂ ತಾಮ್ರವನ್ನೂ ಉಪ್ಪುನೀರಿನಲ್ಲಿ ಮುಳುಗಿಸಿ ಜೋಡಿಸಿದರೆ ವಿದ್ಯುತ್ಕೋಶವಾಗಿ ಸತುವು ಸವೆಯುತ್ತದೆ. ಇಂಗಾಲದ ಎಳೆಗೆ ಅಲ್ಯುಮಿನಿಯಮ್ಮಿನ ತಿರುಪು ನೇರವಾಗಿ ತಾಗಿ, ನಡುವೆ ತೇವ ಸೇರಿದರೆ ಆಗುವುದೂ ಇದೇ. ಇಲ್ಲಿ ಸವೆಯುವುದು ಅಲ್ಯುಮಿನಿಯಂ. ಕಡಲ ತೀರದ ಉಪ್ಪುಗಾಳಿಯಲ್ಲಿ ಈ ಸವೆತ ಇನ್ನೂ ಚುರುಕು. ಆದುದರಿಂದ ಎರಡರ ನಡುವೆ ಗಾಜಿನ ಎಳೆಯ ಪದರವನ್ನಿಡುವುದು ಅಥವಾ ಟೈಟಾನಿಯಮ್ಮಿನ ತಿರುಪನ್ನು ಬಳಸುವುದು ವಾಡಿಕೆ. ತುಕ್ಕಿಲ್ಲದ ಪದಾರ್ಥವು ತನ್ನ ನೆರೆಯವನಿಗೆ ತುಕ್ಕನ್ನು ತರುತ್ತದೆಂಬುದು ವಿಚಿತ್ರವಾದರೂ ಸತ್ಯ.

ಒಟ್ಟಿನಲ್ಲಿ, ಇಂಗಾಲದ ಭಾಗವೊಂದು ಕೆಟ್ಟಿತೆಂದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಕೆಟ್ಟಿರುವುದು ವಾರ್ನಿಷೋ, ರಾಳವೋ, ಎಳೆಯೋ? ವಾರ್ನಿಷಿಗೆ ಹೊಳಪು ಸಾಕು; ರಾಳಕ್ಕೆ ರಕ್ಷಣೆ ಬೇಕು; ಎಳೆ ಕಡಿದಿದ್ದರೆ ಹೊಸ ಎಳೆಯೇ ಬೇಕು.