ಮೈಕಿಲ್ಲ, ವೇದಿಕೆಯಿಲ್ಲ, ಟಿಕೆಟ್ಟೂ ಇಲ್ಲ!

ಡಬ್ಲಿನ್‌ನಿಂದ ಮನೆಗೆ ಫೋನ್ ಮಾಡಿ, ‘ನಿನ್ನೆ ಸಂಜೆ ಒಂದು ಪಬ್‌ಗೆ ಹೋಗಿದ್ದೆ ಅಮ್ಮ, ಲೈವ್ ಮ್ಯೂಸಿಕ್ ಕೇಳೋಕೆ’ ಎಂದೆ. ಆ ಕಡೆಯಿಂದ ಎರಡು ಸೆಕೆಂಡ್ ಸದ್ದೇ ಇಲ್ಲ. ಆಮೇಲೆ, ‘ಎಂಥದೇ ಅದು, ಲೈವ್ ಬ್ಯಾಂಡಾ?’

ಅಮ್ಮನನ್ನು ದೂರಿ ಪ್ರಯೋಜನವಿಲ್ಲ. ಕನ್ನಡ ಪತ್ರಿಕೆ ಓದಿ ಬೆಳೆದ ಯಾರಿಗೇ ಆದರೂ ‘ಲೈವ್ ಬ್ಯಾಂಡ್’ ಎಂದೊಡನೆ ಕಣ್ಣ ಮುಂದೆ ಬರುವುದು ಗಿಟಾರ್ ಅಲ್ಲ, ಪೊಲೀಸ್ ದಾಳಿಯ ಸುದ್ದಿ. ಬೆಂಗಳೂರಿನಲ್ಲಿ ಆ ಪದಕ್ಕೆ ಅಂಟಿದ ಅರ್ಥವೇ ಬೇರೆ. ಅದನ್ನು ಹದ್ದುಬಸ್ತಿನಲ್ಲಿಡಲು 2005ರಲ್ಲಿ ಬಂದ ಪರವಾನಗಿ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ವರ್ಷವೇ ಗಿಟಾರ್ ಹಿಡಿದು ಹಾಡುವ ಹುಡುಗ ಹುಡುಗಿಯರಿಗೆ ಮೂಲೆಯೊಂದನ್ನು ಬಿಟ್ಟುಕೊಡುತ್ತಿದ್ದ ಎಷ್ಟೋ ರೆಸ್ಟೋರೆಂಟ್‌ಗಳೂ ‘ಲೈಸೆನ್ಸ್ ಇಲ್ಲ, ನಮಗೆ ಉಸಾಬರಿ ಬೇಡ’ ಎಂದು ಸಂಗೀತ ನಿಲ್ಲಿಸಿದವು. ನಾನಾಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ನಮ್ಮ ಕಾಲೇಜಿನ ಬ್ಯಾಂಡ್‌ಗೆ ಇದ್ದ ಒಂದೇ ಒಂದು ವಾರಾಂತ್ಯದ ಜಾಗವೂ ಹೋಯಿತು. ಆರು ತಿಂಗಳಲ್ಲಿ ಬ್ಯಾಂಡೂ ಹೋಯಿತು.

ನಾನು ಸಾಗರದ ಹತ್ತಿರದ ಹಳ್ಳಿಯವಳು. ಕೆಲವು ವರ್ಷ ಕೆಲಸ ಮಾಡಿ, ಸಾಲ ತೆಗೆದು, ಡಬ್ಲಿನ್‌ಗೆ ಎಂಎಸ್‌ಸಿ ಓದಲು ಬಂದೆ. ಇಲ್ಲಿ ತರಗತಿ ನಡೆಯುವ ದಿನಗಳಲ್ಲಿ ವಿದ್ಯಾರ್ಥಿಗಳು ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಒಂದು ಕೆಫೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದ ದುಡ್ಡು ಬಾಡಿಗೆಗೂ ಸಾಲುತ್ತಿರಲಿಲ್ಲ. ಹಾಗಾಗಿ ಸುತ್ತಾಟ ಎಂದರೆ ಕಾಲ್ನಡಿಗೆಯ ಸುತ್ತಾಟವೇ.

ಪ್ರವಾಸಿಗರೆಲ್ಲ ಮೊದಲು ಹೋಗುವುದು ಟೆಂಪಲ್ ಬಾರ್ ಎಂಬ ಬೀದಿಗೆ. ನಾನೂ ಹೋದೆ. ಕೆಂಪು ಬಣ್ಣದ ಕಟ್ಟಡ, ಹೂಕುಂಡ, ಸ್ಪೀಕರ್ ಕಟ್ಟಿಕೊಂಡು ಹಾಡುವ ಒಬ್ಬ, ಎಲ್ಲರ ಕೈಯಲ್ಲೂ ಮೊಬೈಲ್. ಬೆಲೆಯೋ, ದೇವರೇ ಗತಿ. ಮರುದಿನ ಇದನ್ನು ಹೇಳಿದಾಗ ನಮ್ಮ ಕೆಫೆಯಲ್ಲಿ ಸ್ಯಾಂಡ್‌ವಿಚ್ ಮಾಡುವ ಹಿರಿಯ ಹೆಂಗಸು ನಕ್ಕು, ‘ಹೊಳೆ ದಾಟಿ ಸ್ಮಿತ್‌ಫೀಲ್ಡ್‌ಗೆ ಹೋಗು, ಕಾಬಲ್‌ಸ್ಟೋನ್ ಕೇಳು’ ಎಂದರು.

ಲಿಫಿ ನದಿಯ ಉತ್ತರ ದಂಡೆಯ ಸ್ಮಿತ್‌ಫೀಲ್ಡ್ ಚೌಕದ ತುದಿಯಲ್ಲಿದೆ ಕಾಬಲ್‌ಸ್ಟೋನ್. ಹೊರಗಿನಿಂದ ನೋಡಿದರೆ ಇದರಲ್ಲೇನಿದೆ ಎನ್ನಿಸುವಂಥ ಹಳೇ ಪಬ್. ಒಳಗೆ ಹೋದರೆ ಎಲ್ಲೂ ವೇದಿಕೆ ಕಾಣಲಿಲ್ಲ. ಮೂಲೆಯಲ್ಲಿ ಒಂದು ಮೇಜು, ಅದರ ಸುತ್ತ ಏಳೆಂಟು ಜನ. ಅರ್ಧ ಜನರ ಬೆನ್ನು ನಮ್ಮ ಕಡೆಗೆ! ಇಬ್ಬರ ಕೈಯಲ್ಲಿ ಫಿಡಲ್, ಒಬ್ಬಳ ಕೈಯಲ್ಲಿ ಅಂಗೈಯಗಲದ ಹಾರ್ಮೋನಿಯಂನಂಥ ಕನ್ಸರ್ಟಿನಾ, ಒಂದು ಟಿನ್ ವಿಸಲ್, ಒಂದು ಬ್ಯಾಂಜೊ, ತೊಡೆಯ ಮೇಲೆ ನಿಲ್ಲಿಸಿ ಸಣ್ಣ ಕೋಲಿನಿಂದ ಬಾರಿಸುವ ಬೌರಾನ್ ಎಂಬ ಮೇಕೆ ಚರ್ಮದ ವಾದ್ಯ. ನಮ್ಮ ತಮಟೆಯ ದೂರದ ಬಂಧು ಅನ್ನಿ. ಮೈಕ್ ಇಲ್ಲ. ‘ಮುಂದಿನ ಹಾಡು’ ಎಂದು ಯಾರೂ ಘೋಷಿಸುವುದಿಲ್ಲ. ಒಬ್ಬ ಸುಮ್ಮನೆ ಶುರು ಮಾಡುತ್ತಾನೆ, ಮೂರನೇ ಸ್ವರಕ್ಕೆ ಉಳಿದವರು ಸೇರಿಕೊಳ್ಳುತ್ತಾರೆ.

ಇದನ್ನು ಇಲ್ಲಿ ‘ಸೆಷನ್’ ಎನ್ನುತ್ತಾರೆ. ಎರಡು ಮೂರು ಸಂಜೆ ಕೂತು ಕೇಳಿದರೆ ಅದರ ವ್ಯಾಕರಣ ಹಿಡಿತಕ್ಕೆ ಸಿಗುತ್ತದೆ. ಪ್ರತಿ ಮಟ್ಟಿಗೂ ಸಾಮಾನ್ಯವಾಗಿ ಎರಡು ಭಾಗ. ಒಂದೊಂದನ್ನೂ ಎರಡೆರಡು ಸಲ ನುಡಿಸುತ್ತಾರೆ. ಇಡೀ ಮಟ್ಟು ಮೂರು ಸುತ್ತು ಆದ ಮೇಲೆ ಯಾರೋ ಒಬ್ಬರು ಹುಬ್ಬು ಹಾರಿಸಿದರೆ, ನಿಲ್ಲಿಸದೆ ಎಲ್ಲರೂ ಇನ್ನೊಂದು ಮಟ್ಟಿಗೆ ಜಿಗಿಯುತ್ತಾರೆ. ಕರ್ನಾಟಕ ಸಂಗೀತ ಕಲಿತವರಿಗೆ ಹೇಳುವುದಾದರೆ, ‘ಜಿಗ್’ ಎಂಬುದು ತಿಶ್ರದ ನಡೆ, ‘ರೀಲ್’ ಎಂಬುದು ಚತುರಶ್ರದ್ದು. ಎಲ್ಲರೂ ನುಡಿಸುವುದು ಒಂದೇ ರಾಗವನ್ನು. ‘ಈಗ ನನ್ನ ಸರದಿ, ನನ್ನ ಕೈಚಳಕ ನೋಡಿ’ ಎನ್ನುವುದು ಇಲ್ಲ. ಎದುರಿಗೆ ನೊಟೇಶನ್ ಹಾಳೆಯೂ ಇರುವುದಿಲ್ಲ. ನೂರಾರು ಮಟ್ಟುಗಳು ಕಿವಿಯಿಂದಲೇ ಕಲಿತವು.

ನನಗೆ ನೆನಪಾದದ್ದು ನಮ್ಮೂರ ದೇವಸ್ಥಾನದ ಮಳೆಗಾಲದ ತಾಳಮದ್ದಳೆ. ಅಲ್ಲೂ ವೇಷವಿಲ್ಲ, ರಂಗಸ್ಥಳವಿಲ್ಲ. ಭಾಗವತರು, ಮದ್ದಳೆ, ಅರ್ಥಧಾರಿಗಳು ಎಲ್ಲ ನೆಲಕ್ಕೇ ಕೂರುತ್ತಾರೆ. ಹಗಲು ತೋಟದಲ್ಲಿ ಕೊನೆ ಕೊಯ್ಯುವವರು, ಬ್ಯಾಂಕಿನ ಗುಮಾಸ್ತರು, ಮೇಷ್ಟ್ರು. ಇಲ್ಲಿಯೂ ಹಾಗೆಯೇ. ಆ ಫಿಡಲ್‌ನವರಲ್ಲಿ ಒಬ್ಬರು ನರ್ಸ್, ಬ್ಯಾಂಜೊದವನು ಪ್ಲಂಬರ್.

ನೋಡಿದರೆ ಸಾವಿರ ವರ್ಷದ ಪದ್ಧತಿ ಎನ್ನಿಸುತ್ತದೆ. ಆದರೆ ಅಲ್ಲ. ಈ ಲೇಖನ ಬರೆಯಬೇಕು ಅನ್ನಿಸಿದ್ದೇ ಇದರ ಹಿಂದಿನ ಕಥೆ ತಿಳಿದ ಮೇಲೆ.

ಮಟ್ಟುಗಳು ಹಳೆಯವು, ನಿಜ. ಆದರೆ ಅವು ಪಬ್‌ನಲ್ಲಿ ಹುಟ್ಟಿದವಲ್ಲ. ಹಳ್ಳಿಯ ಮನೆಗಳ ಅಡುಗೆಕೋಣೆಯಲ್ಲಿ, ದಾರಿ ಕೂಡುವಲ್ಲಿ ಜನ ಸೇರಿ ಕುಣಿಯಲು ನುಡಿಸುತ್ತಿದ್ದವು. 1935ರಲ್ಲಿ ಐರ್ಲೆಂಡ್ ಸರ್ಕಾರ ಸಾರ್ವಜನಿಕ ನೃತ್ಯಕ್ಕೆ ನ್ಯಾಯಾಲಯದ ಪರವಾನಗಿ ಬೇಕೆಂಬ ಕಾಯ್ದೆ ತಂದಿತು. ಕಾಯ್ದೆ ಹೇಳಿದ್ದು ಸಾರ್ವಜನಿಕ ಸ್ಥಳಗಳ ಮಾತು. ಆದರೆ ಪಾದ್ರಿಗಳೂ ಪೊಲೀಸರೂ ಅದನ್ನೇ ಹಿಡಿದು ಮನೆಗಳ ಕೂಟವನ್ನೂ ನಿಲ್ಲಿಸಿದರು. (‘ಲೈಸೆನ್ಸ್ ಇಲ್ಲ’ ಎಂಬ ಮಾತು ಎಲ್ಲೋ ಕೇಳಿದಂತಿದೆಯಲ್ಲ?) ಜೊತೆಗೆ ಬಡತನ. ಊರೂರೇ ಖಾಲಿಯಾಗಿ ಯುವಕರು ಕೆಲಸ ಹುಡುಕಿ ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೋದರು. ಲಂಡನ್‌ನಲ್ಲಿ ಕಟ್ಟಡ ಕೆಲಸಕ್ಕೆ ಸೇರಿದ ಐರಿಷ್ ಹುಡುಗರು ಇದ್ದದ್ದು ಬಾಡಿಗೆಯ ಇಕ್ಕಟ್ಟಿನ ಕೋಣೆಗಳಲ್ಲಿ. ಅಲ್ಲಿ ಫಿಡಲ್ ಎತ್ತಿದರೆ ಮನೆ ಮಾಲೀಕರು ಬಿಡುತ್ತಾರೆಯೇ? ಹಾಗಾಗಿ 1940-50ರ ದಶಕದಲ್ಲಿ ಲಂಡನ್ನಿನ ಪಬ್‌ಗಳಲ್ಲಿ ಮೇಜಿನ ಸುತ್ತ ಕೂತು ನುಡಿಸಲು ಶುರುಮಾಡಿದರು. ಅದೇ ರೂಢಿ ಆಮೇಲೆ ತಾಯ್ನಾಡಿಗೂ ಬಂತು. ಇವತ್ತು ಪ್ರವಾಸಿಗರು ‘ಅಪ್ಪಟ ಐರಿಷ್’ ಎಂದು ಹುಡುಕಿಕೊಂಡು ಬರುವ ಸೆಷನ್, ಊರು ಬಿಟ್ಟ ಕೂಲಿ ಹುಡುಗರು ಜಾಗವಿಲ್ಲದೆ ಮಾಡಿಕೊಂಡ ಏರ್ಪಾಡು.

ಇನ್ನೂ ಒಬ್ಬರ ಕಥೆ ಹೇಳಿಬಿಡುತ್ತೇನೆ. ಫ್ರಾನ್ಸಿಸ್ ಓನೀಲ್ ಎಂಬಾತ ಐರ್ಲೆಂಡಿನ ಕಾರ್ಕ್ ಜಿಲ್ಲೆಯವನು. ಹಡಗು ಹತ್ತಿ ದೇಶ ಬಿಟ್ಟು, ಕೊನೆಗೆ ಶಿಕಾಗೊ ಪೊಲೀಸ್ ಇಲಾಖೆ ಸೇರಿ 1901ರಲ್ಲಿ ಅದರ ಮುಖ್ಯಸ್ಥನಾದ. ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಜೇಮ್ಸ್ ಓನೀಲ್ ಎಂಬ ಸಹೋದ್ಯೋಗಿಯನ್ನು ಕೂರಿಸಿಕೊಂಡು, ವಲಸೆ ಬಂದವರ ಬಾಯಿಂದ, ಕೊಳಲಿಂದ ಮಟ್ಟು ಕೇಳಿ ಬರೆಸಿದ. 1903ರಲ್ಲಿ 1,850 ಮಟ್ಟುಗಳ ಪುಸ್ತಕವೇ ಬಂತು. ಸಂಗೀತಗಾರರನ್ನು ಹುಡುಕಿ ಇಲಾಖೆಗೆ ಸೇರಿಸಿಕೊಳ್ಳುತ್ತಿದ್ದನಂತೆ. ಪೊಲೀಸರೂ ಲೈವ್ ಸಂಗೀತವೂ ಎಂದರೆ ಬರೀ ದಾಳಿಯೇ ಆಗಬೇಕಿಲ್ಲ ಎಂದು ಅಮ್ಮನಿಗೆ ಈ ಕಥೆ ಹೇಳಿದೆ. ‘ಅಲ್ಲಿ ಕಳ್ಳರನ್ನು ಹಿಡಿಯುವವರು ಯಾರು ಮತ್ತೆ?’ ಎಂದಳು.

ಚಳಿಗಾಲದ ರಜೆಯಲ್ಲಿ ಸಹಪಾಠಿಗಳಿಬ್ಬರ ಜೊತೆ ಬಸ್ ಹಿಡಿದು ಪಶ್ಚಿಮ ಕರಾವಳಿಯ ಗಾಲ್‌ವೇಗೆ ಹೋದೆವು. ಎರಡೂವರೆ ತಾಸಿನ ದಾರಿ. ಶಾಪ್ ಸ್ಟ್ರೀಟ್ ಎಂಬ ಬೀದಿಯಲ್ಲಿ ನಡೆದರೆ ಹತ್ತು ಮಾರಿಗೊಬ್ಬ ಬೀದಿ ಗಾಯಕ. ಬೀದಿ ಗಾಯನ ಎಂದರೆ ಇಲ್ಲಿ ಭಿಕ್ಷೆ ಎಂಬ ಭಾವನೆ ಇಲ್ಲ. ‘ಒನ್ಸ್’ ಸಿನಿಮಾದ ನಾಯಕ ಗ್ಲೆನ್ ಹ್ಯಾನ್ಸರ್ಡ್ ಡಬ್ಲಿನ್ನಿನ ಗ್ರಾಫ್ಟನ್ ಬೀದಿಯಲ್ಲಿ ಹಾಡುತ್ತಲೇ ಬೆಳೆದವರು, 2008ರಲ್ಲಿ ಆಸ್ಕರ್ ಪಡೆದರು. ಹೊಸ ಬ್ಯಾಂಡ್ ಕೇಳಬೇಕೆಂದರೆ ಗಾಲ್‌ವೇಯಲ್ಲಿ ರೋಷೀನ್ ಡುವ್, ಡಬ್ಲಿನ್‌ನಲ್ಲಿ ವೆಕ್ಸ್‌ಫರ್ಡ್ ಬೀದಿಯ ವೀಲನ್ಸ್ ಇವೆ. ಅಲ್ಲಿ ಟಿಕೆಟ್ ಇರುತ್ತದೆ. ವೀಲನ್ಸ್‌ನ ಮಹಡಿಯ ಚಿಕ್ಕ ಕೋಣೆಯಲ್ಲಿ ಹೆಸರೇ ಕೇಳಿರದ ಬ್ಯಾಂಡ್‌ಗಳನ್ನು ಒಂದು ಊಟದ ದುಡ್ಡಿಗೆ ಕೇಳಬಹುದು. ಎರಡು ಬ್ಯಾಂಡ್ ಕೇಳಿದೆ. ಒಂದು ಚೆನ್ನಾಗಿತ್ತು, ಇನ್ನೊಂದರ ಸದ್ದಿಗೆ ಕಿವಿ ಮರುದಿನದವರೆಗೆ ಗುಂಯ್ ಎನ್ನುತ್ತಿತ್ತು.

ಗಾಲ್‌ವೇಯ ಟಿಗ್ ಕೋಲಿಯಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಹಾಗಾಗಿ ಸೀ ರೋಡ್‌ನ ಕ್ರೇನ್ ಬಾರ್‌ಗೆ ಹೋದೆವು. ಅಲ್ಲಿ ಒಬ್ಬ ಅಜ್ಜ ಕಣ್ಣು ಮುಚ್ಚಿ, ಯಾವ ವಾದ್ಯವೂ ಇಲ್ಲದೆ, ಐರಿಷ್ ಭಾಷೆಯಲ್ಲಿ ಹಾಡಲು ಶುರು ಮಾಡಿದರು. ‘ಶಾನ್ ನೋಸ್’ ಎಂದರೆ ಹಳೆಯ ಶೈಲಿ ಎಂದರ್ಥ. ಗಿಜಿಗುಡುತ್ತಿದ್ದ ಕೋಣೆ ನಿಶ್ಶಬ್ದವಾಯಿತು. ಹಾಡು ಮುಗಿದ ಮೇಲೆ ಪಕ್ಕದಲ್ಲಿದ್ದ ಫಿಡಲ್‌ನ ಹೆಂಗಸು ನನ್ನತ್ತ ತಿರುಗಿ, ‘ನಿಮ್ಮ ಕಡೆಯ ಹಾಡು ಒಂದಿದೆಯಾ?’ ಎಂದು ಕೇಳಿದರು.

ನಾನು ಹಾಡುಗಾರ್ತಿಯಲ್ಲ. ಬಂದದ್ದು ಒಂದೇ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಅಜ್ಜಿ ಹೇಳುತ್ತಿದ್ದ ಸಂಪ್ರದಾಯದ ಹಾಡು. ಅದನ್ನೇ ಹೇಳಿದೆ, ಮೂರು ನುಡಿ. ಆಕೆ ಫಿಡಲ್‌ನಲ್ಲಿ ಜೊತೆಗೂಡಲು ನೋಡಿದರು. ಎರಡನೇ ಸಾಲಿಗೆ ಹೊಂದುವುದಿಲ್ಲ ಎಂದು ಗೊತ್ತಾಗಿ ಬಿಟ್ಟರು, ಶ್ರುತಿಯಂತೆ ಒಂದೇ ಸ್ವರ ಹಿಡಿದು ಕೂತರು. ಸಿನಿಮಾದಲ್ಲಾದರೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಇಲ್ಲಿ ನಾಲ್ಕು ಜನ ‘ಚೆನ್ನಾಗಿತ್ತು’ ಎಂದರು. ಅಜ್ಜ ಮಾತ್ರ, ‘ಇದು ಯಾವ ಕೆಲಸ ಮಾಡುವಾಗಿನ ಹಾಡು?’ ಎಂದು ಕೇಳಿದರು. ಕೆಲಸದ ಹಾಡೆಂದು ನಾನು ಹೇಳಿರಲೇ ಇಲ್ಲ.

ಇಂಥ ಕೋಣೆಗಳು ತಾವಾಗಿಯೇ ಉಳಿದಿಲ್ಲ. ನಾನು ಬರುವ ಮೊದಲು, 2021ರಲ್ಲಿ, ಕಾಬಲ್‌ಸ್ಟೋನ್ ಇರುವಲ್ಲಿ ಒಂಬತ್ತು ಅಂತಸ್ತಿನ ಹೋಟೆಲ್ ಕಟ್ಟುವ ಯೋಜನೆ ಬಂದಿತ್ತು. ಪಬ್‌ನ ಮುಂಭಾಗ ಉಳಿಯುತ್ತಿತ್ತು, ಪಾಠ, ಕಛೇರಿ ನಡೆಯುವ ಹಿಂದಿನ ಕೋಣೆ ಹೋಗುತ್ತಿತ್ತು. ಡಬ್ಲಿನ್ನಿನ ಯುವಜನ ಶವಪೆಟ್ಟಿಗೆ ಹೊತ್ತು, ಫಿಡಲ್ ನುಡಿಸುತ್ತ ನಗರಪಾಲಿಕೆಗೆ ಮೆರವಣಿಗೆ ಹೋದರು. ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಆ ನವೆಂಬರ್‌ನಲ್ಲಿ ಪಾಲಿಕೆ ಅನುಮತಿ ನಿರಾಕರಿಸಿತು. ನಮ್ಮ ಕಾಲೇಜು ಬ್ಯಾಂಡ್‌ನ ಜಾಗ ಹೋದಾಗ ನಾವು ಒಂದು ಸ್ಟೇಟಸ್ ಹಾಕಿ ಸುಮ್ಮನಾಗಿದ್ದೆವು. ಮೆರವಣಿಗೆ ಮಾಡಿದ್ದರೆ ಉಳಿಯುತ್ತಿತ್ತು ಎಂದು ಹೇಳಲಾರೆ. ಆದರೆ ಕಳೆದುಕೊಂಡದ್ದು ಒಂದು ಕೋಣೆ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಬ್ಯಾಂಡ್ ಮಾತ್ರ ಹೋಯಿತು ಎಂದುಕೊಂಡೆವು.

ಇಲ್ಲೂ ಎಲ್ಲ ಸುಖವಿಲ್ಲ. ಡಬ್ಲಿನ್ ಬಾಡಿಗೆ ಸಂಗೀತಗಾರರನ್ನು ಊರಾಚೆ ತಳ್ಳುತ್ತಿದೆ. ನಾನು ಮೊದಲ ಸಂಜೆ ಕೇಳಿದ ಕನ್ಸರ್ಟಿನಾದ ಹುಡುಗಿ ಈಗ ಸೆಷನ್‌ಗೆ ಒಂದೂವರೆ ತಾಸು ಬಸ್‌ನಲ್ಲಿ ಬರುತ್ತಾಳೆ. 2022ರಲ್ಲಿ ಸರ್ಕಾರ ಪ್ರಾಯೋಗಿಕವಾಗಿ 2,000 ಕಲಾವಿದರಿಗೆ ವಾರಕ್ಕೆ 325 ಯೂರೊ ಮೂಲ ಆದಾಯ ಕೊಡಲು ಶುರು ಮಾಡಿತು. ಅರ್ಜಿ ಹಾಕಿದ್ದವರೆಲ್ಲರಿಗೂ ಸಿಗಲಿಲ್ಲ. ಆ ಹುಡುಗಿಗೂ ಸಿಗಲಿಲ್ಲ.

ಓದಲೋ ಕೆಲಸಕ್ಕೋ ಹೊರದೇಶಕ್ಕೆ ಹೋಗುವವರು ಸ್ಟೇಡಿಯಂ ಕಾರ್ಯಕ್ರಮಕ್ಕೆ ನೂರು ಯೂರೊ ಕೊಡುವ ಮೊದಲು ಒಮ್ಮೆ ಇಂಥ ಕೋಣೆ ಹುಡುಕಿ. ವಾದ್ಯದ ಅಂಗಡಿಯವರನ್ನು ಕೇಳಿದರೆ ಊರಿನ ಇಡೀ ವಾರದ ಪಟ್ಟಿ ಬಾಯಲ್ಲೇ ಹೇಳುತ್ತಾರೆ. ಶನಿವಾರಕ್ಕಿಂತ ಮಂಗಳವಾರ ವಾಸಿ, ಕೂರಲು ಜಾಗ ಸಿಗುತ್ತದೆ. ಕುಡಿಯಲೇಬೇಕೆಂದಿಲ್ಲ. ನಾನು ನಿಂಬೆ ಹಾಕಿದ ಸೋಡಾದಲ್ಲೇ ಸಂಜೆ ಕಳೆಯುತ್ತೇನೆ, ಯಾರೂ ಹುಬ್ಬೇರಿಸಿಲ್ಲ. ಆದರೆ ಏನಾದರೂ ಕೊಳ್ಳಿ. ಕೋಣೆ ಉಳಿಯುವುದು ಆ ಗಲ್ಲಾದಿಂದಲೇ. ಮೇಜಿನ ಹತ್ತಿರದ ಖಾಲಿ ಕುರ್ಚಿ ಬರಬೇಕಾದ ವಾದ್ಯದವರದ್ದು, ಅದರಲ್ಲಿ ಕೂರಬೇಡಿ. ವಿಡಿಯೊ ಮಾಡುವ ಮೊದಲು ಕೇಳಿ. ಒಬ್ಬರೇ ಹಾಡುವಾಗ ಪಿಸುಮಾತೂ ಬೇಡ. ಹುಡುಗಿಯರಿಗೆ ಒಂದು ಮಾತು: ಮೊದಲ ಸಲ ಒಬ್ಬಳೇ ಹೋಗಲು ಅಳುಕಿದ್ದರೆ ಸಂಜೆ ಆರರ ಸೆಷನ್‌ಗೆ ಹೋಗಿ. ಬೆಳಕಿರುವಾಗಲೇ ಮನೆ ಸೇರಬಹುದು, ಬೇಸಿಗೆಯಾದರೆ.

ನನ್ನ ಪದವಿ ಮುಗಿದಿದೆ. ಸ್ನಾತಕೋತ್ತರ ಪದವೀಧರರಿಗೆ ಇಲ್ಲಿ ಕೆಲಸ ಹುಡುಕಲು ಒಟ್ಟು 24 ತಿಂಗಳ ಅವಕಾಶ. ಅದರಲ್ಲಿ ಏಳು ಕಳೆದಿವೆ, ಅರ್ಜಿಗಳ ಲೆಕ್ಕ ಇಟ್ಟಿಲ್ಲ. ಕಳೆದ ತಿಂಗಳು 15 ಯೂರೊ ಒಳಗೆ ಒಂದು ಟಿನ್ ವಿಸಲ್ ಕೊಂಡೆ, ಆರು ರಂಧ್ರದ ತಗಡಿನ ಕೊಳಲು. ಒಂದು ಜಿಗ್‌ನ ಮೊದಲ ಭಾಗ ಬರುತ್ತದೆ, ಎರಡನೆಯದರಲ್ಲಿ ಮೇಲಿನ ಸ್ವರ ಕಿರುಚುತ್ತದೆ. ಪಕ್ಕದ ಕೋಣೆಯ ಬ್ರೆಜಿಲ್ ಹುಡುಗಿ ಅಡುಗೆಮನೆಯ ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ: ಸಂಜೆ ಆರರಿಂದ ಏಳು, ಭಾನುವಾರ ರಜೆ.